ಅಡಿಸನ್‌ಗೋಸ್ಕರ ‘ಪ್ರೈವೇಟ್ ಪ್ರಾಕ್ಟೀಸ್’ ನೋಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ಆಸ್ಪತ್ರೆ ಧಾರಾವಾಹಿ ‘ಗ್ರೇಸ್ ಅನಾಟಮಿ’ಯ 17 ಸೀಸನ್ ನೋಡಿ ಆಯಿತು, ಅದರ ಡಾಕ್ಟರ್ ಅಡಿಸನ್ ಮಾಂಟ್ಗೊಮರಿ ಅಂದ್ರೆ ಪ್ರಾಣ, ಅವಳನ್ನೇ ನಾಯಕಿ ಮಾಡಿದ ‘ಪ್ರೈವೇಟ್ ಪ್ರಾಕ್ಟೀಸ್’ ನೋಡಬಹುದಾ? ಕೆಲವರು ಹೊಗಳುತ್ತಾರೆ, ಕೆಲವರು ಅವಳ ಪಾತ್ರವನ್ನೇ ಕೆಡಿಸಿಬಿಟ್ಟರು ಅನ್ನುತ್ತಾರೆ, ಯಾರನ್ನು ನಂಬಲಿ?

ಇಬ್ಬರನ್ನೂ ನಂಬಿ. ಧಾರಾವಾಹಿ ನೋಡಿ, ಆದರೆ ಅಡಿಸನ್‌ಗೋಸ್ಕರ ನೋಡಬೇಡಿ. ಷಾರ್ಲೆಟ್ ಕಿಂಗ್‌ಗೋಸ್ಕರ ನೋಡಿ. ಅಮೀಲಿಯಾಗೋಸ್ಕರ ನೋಡಿ. ಅಡಿಸನ್‌ನ ಹೆಸರು ಹೇಳಿ ಶುರು ಮಾಡಿದ ಕಥೆ ಕೊನೆಗೆ ಇವರಿಬ್ಬರ ಕೈಗೆ ಹೋಯಿತು. ಅಭಿಮಾನಿಗಳ ಜಗಳಕ್ಕೆಲ್ಲ ಮೂಲ ಅದೇ ಅಂತ ನನ್ನ ಲೆಕ್ಕ.

ನಾನು ಗೋಣಿಕೊಪ್ಪದಲ್ಲಿ ಮೆಡಿಕಲ್ ಶಾಪ್‌ನಲ್ಲಿ ಫಾರ್ಮಾಸಿಸ್ಟ್. ಡಾಕ್ಟರ್ ಧಾರಾವಾಹಿ ಅಂದ್ರೆ ಹುಚ್ಚು. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಅದರ ಹಿಂದೆಯೇ ಟವರ್ ಕೂಡ ಹೋಗುತ್ತದೆ. ಹಾಗಾಗಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು ನೋಡುವ ಅಭ್ಯಾಸ. ಪೂರ್ತಿ ಆರು ಸೀಸನ್ ನೋಡಿದ್ದೇನೆ. ಮುಂದೆ ಕಥೆಯ ಗುಟ್ಟೆಲ್ಲ ಬಿಚ್ಚುತ್ತೇನೆ, ಬೇಡ ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ.

ಮೊದಲು ಕೋಪದ ವಿಷಯ. ಗ್ರೇಸ್‌ನಲ್ಲಿ ಅಡಿಸನ್ ಬಂದದ್ದು ನೆನಪಿದೆ ಅಲ್ವಾ? 2005ರ ಮೇ, ಮೊದಲ ಸೀಸನ್‌ನ ಕೊನೆಯ ದೃಶ್ಯ. ಕೆಂಪು ಕೂದಲು, ಉದ್ದ ಕೋಟು, ನೇರವಾಗಿ ನಾಯಕಿ ಮೆರೆಡಿತ್ ಎದುರು ಬಂದು ನಿಂತು ತಾನು ಅವಳ ಪ್ರಿಯಕರ ಡೆರೆಕ್‌ನ ಹೆಂಡತಿ ಅಂತ ಪರಿಚಯ ಮಾಡಿಕೊಳ್ಳುತ್ತಾಳೆ. ವಿಲನ್ ಆಗಬೇಕಾದವಳು. ಆದರೆ ಕೇಟ್ ವಾಲ್ಶ್ ಆ ಪಾತ್ರವನ್ನು ಎಷ್ಟು ಗತ್ತಿನಿಂದ ಮಾಡಿದರೆಂದರೆ ಜನ ಅವಳ ಕಡೆಗೇ ವಾಲಿಬಿಟ್ಟರು. ಗಂಡನಿಗೆ ಮೋಸ ಮಾಡಿದ್ದಾಳೆ, ಒಪ್ಪಿಕೊಂಡಿದ್ದಾಳೆ. ಆದರೆ ಆಪರೇಷನ್ ಥಿಯೇಟರ್ ಒಳಗೆ ಹೋದಳೋ, ಬೆರಳುದ್ದದ ಮಗುವನ್ನೂ ಉಳಿಸುವ ಕೈ ಅದು. ಅಲ್ಲಿ ಯಾರೂ ಅವಳಿಗೆ ಎದುರಾಡುತ್ತಿರಲಿಲ್ಲ.

ಇಂಥವಳನ್ನು ಲಾಸ್ ಏಂಜಲೀಸ್‌ಗೆ ಕರೆದುಕೊಂಡು ಹೋಗಿ ಏನು ಮಾಡಿಸಿದರು? ಮೊದಲ ಸಂಚಿಕೆಯಲ್ಲೇ ಹೊಸ ಮನೆಯಲ್ಲಿ ಬಟ್ಟೆಯಿಲ್ಲದೆ ಕುಣಿಯುತ್ತಿರುವಾಗ ಪಕ್ಕದ ಮನೆಯ ಸ್ಯಾಮ್ ಕಣ್ಣಿಗೆ ಬೀಳುತ್ತಾಳೆ. ಅವಳನ್ನು ತನ್ನ ಕ್ಲಿನಿಕ್‌ನಲ್ಲಿ ಕೆಲಸಕ್ಕೆ ಸೇರಿಸಿಕೊಂಡ ಗೆಳತಿ ನೇಯೋಮಿ ಆ ವಿಷಯವನ್ನು ಉಳಿದ ಡಾಕ್ಟರ್‌ಗಳಿಗೆ ಹೇಳಿಯೇ ಇರುವುದಿಲ್ಲ. ಮೊದಲ ದಿನವೇ ಎಲ್ಲರೂ ಮುಖ ತಿರುಗಿಸುತ್ತಾರೆ. ದೇಶದ ದೊಡ್ಡ ಸರ್ಜನ್ ಅಂತ ಎರಡು ವರ್ಷ ನಮಗೆ ತೋರಿಸಿದವಳು ಇಲ್ಲಿ ಕೈಯಲ್ಲಿ ಕಾಫಿ ಕಪ್ ಹಿಡಿದು, ತನ್ನ ಒಂಟಿತನದ ಬಗ್ಗೆ ಗೊಣಗುತ್ತಾ ಓಡಾಡುತ್ತಾಳೆ. ನನಗೆ ಉರಿದುಹೋಯಿತು. ನಗಿಸಬೇಕು ಅಂತ ಒಬ್ಬಳನ್ನು ಪೆದ್ದಿ ಮಾಡುವುದು ಸುಲಭ. ಆದರೆ ಅವಳು ಪೆದ್ದಿ ಅಲ್ಲ ಅಂತ ನೋಡುವವರಿಗೆಲ್ಲ ಗೊತ್ತಿದೆಯಲ್ಲ!

ಮೊದಲ ಸೀಸನ್ 2007ರ ಸೆಪ್ಟೆಂಬರ್ 26ರಂದು ಶುರುವಾಯಿತು. ನವೆಂಬರ್‌ನಲ್ಲಿ ಹಾಲಿವುಡ್ ಬರಹಗಾರರು ಮುಷ್ಕರ ಹೂಡಿದರು, ಒಂಬತ್ತೇ ಸಂಚಿಕೆಗೆ ಸೀಸನ್ ಮುಗಿಯಿತು. ಮುಷ್ಕರ ಪಾಪ ಅವರ ಹೊಟ್ಟೆಪಾಡಿನದು. ಆದರೆ ಈ ಧಾರಾವಾಹಿಗೆ ಅದು ಒಳ್ಳೆಯದನ್ನೇ ಮಾಡಿತು ಅಂತ ನನಗೆ ಅನುಮಾನ. ಎರಡನೇ ಸೀಸನ್‌ಗೆ ವಾಪಸ್ ಬಂದಾಗ ಕುಣಿತ, ಗೊಣಗಾಟ ಎಲ್ಲ ಕಡಿಮೆ. ಕ್ಲಿನಿಕ್ ಸಾಲದಲ್ಲಿ ಮುಳುಗಿದೆ ಅಂತ ಗೊತ್ತಾಗುತ್ತದೆ, ನೇಯೋಮಿ ಅದನ್ನು ಮುಚ್ಚಿಟ್ಟಿರುತ್ತಾಳೆ, ಅಡಿಸನ್ ಯಜಮಾನಿಕೆ ವಹಿಸಿಕೊಳ್ಳುತ್ತಾಳೆ. ಕಥೆಗೆ ಬೆನ್ನುಮೂಳೆ ಬಂದದ್ದು ಅಲ್ಲಿಂದ.

ಗ್ರೇಸ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಊರಲ್ಲ, ಸಮುದ್ರ ತೀರವೂ ಅಲ್ಲ. ಗ್ರೇಸ್‌ನಲ್ಲಿ ಕಲಿಯುವವರಿದ್ದಾರೆ. ತಪ್ಪು ಮಾಡಿದರೆ ಬೈಯಲು ಸೀನಿಯರ್ ಡಾಕ್ಟರ್ ಬೇಲಿ ಇದ್ದಾಳೆ, ಅವಳ ಮೇಲೆ ಚೀಫ್ ಇದ್ದಾನೆ. ಅಡಿಸನ್ ಸೇರಿದ ಕ್ಲಿನಿಕ್ ಓಷನ್‌ಸೈಡ್ ವೆಲ್‌ನೆಸ್‌ನಲ್ಲಿ ಕಲಿಯುವವನು ಅಂತ ಇದ್ದರೆ ಡೆಲ್ ಒಬ್ಬ, ರಿಸೆಪ್ಷನ್‌ನಲ್ಲಿ ಕೂತು ಹೆರಿಗೆ ಮಾಡಿಸುವ ಕೆಲಸ ಕಲಿಯುತ್ತಿರುವ ಹುಡುಗ. ಉಳಿದವರೆಲ್ಲ ನುರಿತವರು, ಎಲ್ಲರೂ ಪಾಲುದಾರರು. ಯಾರೂ ಯಾರ ಮಾತನ್ನೂ ಕೇಳಬೇಕಾಗಿಲ್ಲ. ಆದ್ದರಿಂದ ಜಗಳ ಆಡುತ್ತಾರೆ. ಆ ಜಗಳಗಳೇ ಈ ಧಾರಾವಾಹಿಯ ಜೀವ.

ಒಂದು ಹೇಳುತ್ತೇನೆ. ಎರಡನೇ ಸೀಸನ್‌ನ ಆರಂಭದಲ್ಲಿ ಒಬ್ಬ ಗರ್ಭಿಣಿ ಬರುತ್ತಾಳೆ. ಅವಳ ದೊಡ್ಡ ಮಗ ಸಾಯುವ ಸ್ಥಿತಿಯಲ್ಲಿದ್ದಾನೆ. ಹುಟ್ಟುವ ಮಗುವಿನ ಹೊಕ್ಕುಳಬಳ್ಳಿಯ ರಕ್ತ ಅವನನ್ನು ಉಳಿಸಬಹುದು. ಅದಕ್ಕೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿ ಅಂತ ತಾಯಿ ಹಟ ಹಿಡಿಯುತ್ತಾಳೆ. ಒಂದು ಮಗುವನ್ನು ಉಳಿಸಲು ಇನ್ನೊಂದನ್ನು ಅಪಾಯಕ್ಕೆ ತಳ್ಳಬಹುದಾ? ಮೂರನೇ ಸೀಸನ್‌ನಲ್ಲಿ ಇನ್ನೊಂದು. ನೇಯೋಮಿಗೆ ಗರ್ಭಪಾತ ಅಂದರೆ ಆಗದು, ಅದನ್ನು ಬಾಯಿಬಿಟ್ಟು ಹೇಳಿದವಳೂ ಹೌದು. ಆದರೆ ಹೈಸ್ಕೂಲ್ ಓದುವ ತನ್ನ ಮಗಳು ಮಾಯಾ ಬಸಿರು ಅಂತ ಗೊತ್ತಾದಾಗ ಅವಳೇ ತೆಗೆಸಬೇಕು ಅಂತ ಪಟ್ಟು ಹಿಡಿಯುತ್ತಾಳೆ. ಮಾಡಬೇಕಾದವಳು ಅಡಿಸನ್. ನೇಯೋಮಿ ಪಾತ್ರ ಮಾಡಿದ ಆಡ್ರಾ ಮೆಕ್‌ಡೊನಾಲ್ಡ್ ಅಲ್ಲಿ ಒಂದು ಕ್ಷಣವೂ ಒಳ್ಳೆಯವಳಾಗಿ ಕಾಣಲು ಪ್ರಯತ್ನಿಸುವುದಿಲ್ಲ. ನಾನು ಮೆಡಿಕಲ್ ಕೌಂಟರ್ ಹಿಂದೆ ನಿಂತು ಕೆಲಸ ಮಾಡುವವಳು. ಊರಿನ ಮುಂದೆ ಒಂದು ಮಾತು, ಮನೆಯ ಮಗಳ ವಿಷಯಕ್ಕೆ ಇನ್ನೊಂದು ಮಾತು. ಇದನ್ನು ನೋಡುತ್ತಲೇ ಇರುತ್ತೇನೆ. ಆ ದೃಶ್ಯ ಅಮೆರಿಕದ್ದು ಅನ್ನಿಸಲಿಲ್ಲ.

ಹಾಗಂತ ಆ ಕ್ಲಿನಿಕ್ ನಂಬುವ ಹಾಗಿದೆಯಾ? ಖಂಡಿತ ಇಲ್ಲ. ಐದಾರು ಸ್ಪೆಷಲಿಸ್ಟ್‌ಗಳು ಒಬ್ಬ ಪೇಷಂಟ್ ಬಗ್ಗೆ ದಿನವಿಡೀ ಚರ್ಚೆ ಮಾಡುತ್ತಾರೆ. ನಮ್ಮ ಅಂಗಡಿ ಪಕ್ಕದಲ್ಲೇ ಒಬ್ಬ ಡಾಕ್ಟರ್ ಸಂಜೆ ಕೂರುತ್ತಾರೆ. ಸಂತೆ ದಿನ ಬಂದು ನೋಡಿ. ಹೊರಗೆ ಬೆಂಚು ತುಂಬಿ, ಎಸ್ಟೇಟ್ ಲೈನ್‌ಮನೆಗಳಿಂದ ಬಂದವರು ಟೋಕನ್ ಚೀಟಿ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಬ್ಬರಿಗೆ ನಾಲ್ಕು ನಿಮಿಷ ಸಿಕ್ಕರೆ ಪುಣ್ಯ. ಅದರಲ್ಲೇ ಬಿಪಿ ನೋಡಿ, ಸೊಸೆ ಹೇಗಿದ್ದಾಳೆ ಅಂತ ಕೇಳಿ, ಔಷಧಿ ಬರೆದು ಕಳಿಸುತ್ತಾರೆ. ಓಷನ್‌ಸೈಡ್‌ನವರಿಗೆ ಆ ಬೆಂಚಿನ ಒಂದು ಸಂಜೆ ಕೊಡಬೇಕು, ಪ್ರೇಮ ಪ್ರಕರಣಗಳಿಗೆ ಸಮಯವೇ ಸಿಗಲಿಕ್ಕಿಲ್ಲ.

ಪೀಟ್ ವೈಲ್ಡರ್ ಅಂತ ಒಬ್ಬ ಇದ್ದಾನೆ. ಸೂಜಿ ಚುಚ್ಚುವುದು, ಗಿಡಮೂಲಿಕೆ ಕೊಡುವುದು ಅವನ ಕೆಲಸ. ಅಡಿಸನ್ ಮೊದಮೊದಲು ಅವನನ್ನು ಗೇಲಿ ಮಾಡುತ್ತಾಳೆ. ನನ್ನ ಅತ್ತೆಗೆ ಮಾತ್ರ ಇಡೀ ಧಾರಾವಾಹಿಯಲ್ಲಿ ಅವನೊಬ್ಬನೇ ಸರಿಯಾದ ಡಾಕ್ಟರ್. ನಮ್ಮಲ್ಲಿ ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಇರುತ್ತದೆ ಅನ್ನುವ ನಂಬಿಕೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಹೊರಗಿನಿಂದ ಬಂದ ಹೋಮ್‌ಸ್ಟೇ ಅತಿಥಿಗಳು ಮಾರನೇ ಬೆಳಿಗ್ಗೆ ಗಾಬರಿಯಿಂದ ನಮ್ಮ ಕೌಂಟರ್‌ಗೆ ಬಂದು ದನಿ ತಗ್ಗಿಸಿ ಮಾತಾಡುವುದನ್ನು ನೋಡಬೇಕು. ಆಯ್ತು, ವಿಷಯಕ್ಕೆ ಬರುತ್ತೇನೆ.

ಷಾರ್ಲೆಟ್. ಮೊದಲಿಗೆ ಅವಳು ಪಕ್ಕದ ದೊಡ್ಡ ಆಸ್ಪತ್ರೆಯ ಮುಖ್ಯಸ್ಥೆ, ಅಲಬಾಮಾದವಳು, ನಾಲಿಗೆ ಹರಿತ. ಎರಡನೇ ಸೀಸನ್‌ನಲ್ಲಿ ಅದೇ ಕಟ್ಟಡದಲ್ಲಿ ಎದುರಾಳಿ ಕ್ಲಿನಿಕ್ ತೆರೆಯುತ್ತಾಳೆ. ನಮಗೆ ಅವಳು ಇಷ್ಟವಾಗಬಾರದು ಅಂತಲೇ ಬರೆದ ಹಾಗಿತ್ತು. ಆಮೇಲೆ ನಾಲ್ಕನೇ ಸೀಸನ್‌ನ ಏಳನೇ ಸಂಚಿಕೆ, 2010ರ ನವೆಂಬರ್‌ನಲ್ಲಿ ಬಂದದ್ದು. ಅವಳದೇ ಆಫೀಸಿನಲ್ಲಿ ಅವಳ ಮೇಲೆ ಅತ್ಯಾಚಾರ ಆಗುತ್ತದೆ. ಮುಖ ಒಡೆದುಹೋಗಿದೆ, ಕೈ ಮುರಿದಿದೆ. ಕಳ್ಳ ಹೊಡೆದ ಅಂತ ಎಲ್ಲರಿಗೂ ಹೇಳುತ್ತಾಳೆ. ಅಡಿಸನ್‌ಗೆ ಮಾತ್ರ ನಿಜ ಗೊತ್ತಾಗುತ್ತದೆ. ಮದುವೆಯಾಗಬೇಕಾದ ಕೂಪರ್‌ಗೂ ಹೇಳಕೂಡದು ಅಂತ ಷಾರ್ಲೆಟ್ ಅವಳ ಬಾಯಿ ಕಟ್ಟುತ್ತಾಳೆ.

ಆ ಸಂಚಿಕೆಯಲ್ಲಿ ಷಾರ್ಲೆಟ್ ಪಾತ್ರದ ಕೇಡೀ ಸ್ಟ್ರಿಕ್‌ಲ್ಯಾಂಡ್ ಅಳುವುದು ಕಡಿಮೆ. ಆಸ್ಪತ್ರೆ ನಡೆಸುವ ಅದೇ ದನಿಯಲ್ಲಿ ತನ್ನ ಚಿಕಿತ್ಸೆಗೂ ಆರ್ಡರ್ ಮಾಡುತ್ತಾಳೆ. ಇಲ್ಲಿ ಇನ್ನೊಂದು ಮಜಾ ಗಮನಿಸಿ. ನಮಗೆ ಬೇಕಾಗಿದ್ದ ಹಳೆಯ ಅಡಿಸನ್ ವಾಪಸ್ ಸಿಗುವುದು ಇಂಥ ಕಡೆಯೇ. ಕೈ ಗಟ್ಟಿ, ಮಾತು ಕಡಿಮೆ, ಎದುರಿಗಿರುವ ಹೆಣ್ಣಿನ ಮೇಲೆ ಪೂರ್ತಿ ಗಮನ. ಬೇರೆಯವರ ಕಥೆಯಲ್ಲಿ ಡಾಕ್ಟರ್ ಆಗಿ ನಿಂತಾಗ ಅವಳು ಅದ್ಭುತ. ಅವಳ ಸ್ವಂತ ಕಥೆ, ಅಂದರೆ ಪೀಟ್ ಜೊತೆ, ಸ್ಯಾಮ್ ಜೊತೆ, ಆಮೇಲೆ ಜೇಕ್ ಜೊತೆ, ಅದನ್ನು ನಾನು ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡದ್ದೇ ಜಾಸ್ತಿ. ಗೆಳತಿಯ ಮಾಜಿ ಗಂಡ ಸ್ಯಾಮ್‌ನ ಪ್ರಕರಣವನ್ನಂತೂ ಎಳೆದೂ ಎಳೆದೂ ನಾರು ಮಾಡಿದರು.

ಅಮೀಲಿಯಾ ನಿಮಗೆ ಗ್ರೇಸ್‌ನಿಂದ ಗೊತ್ತಿರುತ್ತಾಳೆ. ಆದರೆ ಅವಳ ಕಥೆಯ ಮೊದಲ ಅರ್ಧ ಇಲ್ಲಿದೆ. ಡೆರೆಕ್‌ನ ಈ ಕೊನೇ ತಂಗಿ ಮೊದಲು ಬಂದದ್ದೇ ಇದರ ಮೂರನೇ ಸೀಸನ್‌ನಲ್ಲಿ. ಐದನೇ ಸೀಸನ್‌ನಲ್ಲಿ ಮಾತ್ರೆಗಳ ಚಟಕ್ಕೆ ಬೀಳುತ್ತಾಳೆ. ಮದುವೆಯಾಗಬೇಕಾದವನು ಅವಳ ಪಕ್ಕದಲ್ಲೇ ಸತ್ತಿರುತ್ತಾನೆ. ಚಟ ಬಿಟ್ಟ ಮೇಲೆ ಬಸಿರು ಅಂತ ತಿಳಿಯುತ್ತದೆ, ಸ್ಕ್ಯಾನ್‌ನಲ್ಲಿ ಮಗುವಿಗೆ ಮೆದುಳೇ ಬೆಳೆದಿಲ್ಲ. ಅಂಗಗಳನ್ನು ದಾನ ಮಾಡಬೇಕು ಅಂತ ದಿನ ತುಂಬುವವರೆಗೂ ಹೊರುತ್ತಾಳೆ. ಹುಟ್ಟಿದ ಮಗು ಬದುಕುವುದು 43 ನಿಮಿಷ. ಅವಳೇ ಮೆದುಳಿನ ಸರ್ಜನ್ ಅನ್ನುವುದನ್ನು ನೆನಪಿಡಿ. ಗ್ರೇಸ್‌ನಲ್ಲಿ ಅವಳು ಆ ಮಗುವಿನ ಮಾತು ಎತ್ತಿದಾಗಲೆಲ್ಲ ಇಲ್ಲಿಂದ ಬಂದವರಿಗೆ ಗಂಟಲು ಕಟ್ಟುತ್ತದೆ. (ಕೆಲಸದ ಚಾಳಿ, ಹೇಳದೆ ಇರಲಾರೆ: ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ 28 ದಿನಗಳಲ್ಲಿ. ಅಂಥ ದೋಷಗಳನ್ನು ಕಡಿಮೆ ಮಾಡಲೆಂದೇ ಫೋಲಿಕ್ ಆಸಿಡ್ ಮಾತ್ರೆ ಕೊಡುವುದು. ಮಗು ಬೇಕು ಅಂತ ಯೋಚಿಸುವಾಗಲೇ ಡಾಕ್ಟರ್ ಹತ್ತಿರ ಕೇಳಿ ಶುರು ಮಾಡಿ, ತಿಂಗಳು ನಿಂತ ಮೇಲೆ ಬಂದರೆ ತಡವಾಗಿರುತ್ತದೆ.)

ಇಷ್ಟೆಲ್ಲ ಮೆಚ್ಚಿಕೊಂಡರೂ ಒಂದು ತಕರಾರು ಹೋಗಿಲ್ಲ. ಈ ಧಾರಾವಾಹಿ ತನ್ನ ಹೆಂಗಸರನ್ನು ಹಿಂಸೆಗೆ ಒಡ್ಡಿದ ಮೇಲಷ್ಟೇ ಅವರಿಗೆ ಒಳ್ಳೆಯ ಪಾತ್ರ ಕೊಡುತ್ತದೆ. ಎರಡನೇ ಸೀಸನ್‌ನ ಕೊನೆಯಲ್ಲಿ ಮನೋವೈದ್ಯೆ ವಯೊಲೆಟ್‌ನ ಹೊಟ್ಟೆ ಕೊಯ್ದು ಅವಳದೇ ಪೇಷಂಟ್ ಮಗುವನ್ನು ಕದ್ದೊಯ್ಯುತ್ತಾಳೆ. ಮಗು ಬದುಕಲಿ ಅಂತ ಎಲ್ಲಿ ಹೇಗೆ ಕೊಯ್ಯಬೇಕು ಅಂತ ವಯೊಲೆಟ್ಟೇ ಹೇಳಿಕೊಡುತ್ತಾಳೆ. ಬರವಣಿಗೆ ಪ್ರಚಂಡ, ಆದರೆ ಬಾಣಂತಿಯರು, ಬಸುರಿಯರು ದಯವಿಟ್ಟು ಆ ಸಂಚಿಕೆ ಬಿಡಿ. ವಯೊಲೆಟ್, ಷಾರ್ಲೆಟ್, ಅಮೀಲಿಯಾ, ಮೂವರಿಗೂ ಇದೇ ದಾರಿ. ಒಂದು ಸಲ ಆದರೆ ಸರಿ, ಮೂರನೇ ಸಲ ಬರಹಗಾರರ ಕೈ ಕಾಣಿಸಿಬಿಡುತ್ತದೆ.

ಡೆಲ್ ಸಾವಿನ ವಿಷಯದಲ್ಲಿ ಮಾತ್ರ ತಕರಾರಿಲ್ಲ. ಮೂರನೇ ಸೀಸನ್‌ನ ಕೊನೆ. ಕಾರು ಅಪಘಾತ. ಜೊತೆಗಿದ್ದ ಮಾಯಾ ತುಂಬು ಬಸುರಿ, ಎಲ್ಲರೂ ಅವಳ ಸುತ್ತ. ಡೆಲ್ ಕೂತು ಮಾತಾಡುತ್ತಿದ್ದಾನೆ, ಅವನಿಗೇನಾಗಿದೆ ಅಂತ ಬಿಟ್ಟುಬಿಡುತ್ತಾರೆ. ತಲೆಯೊಳಗೆ ರಕ್ತ ಸೋರುತ್ತಿರುತ್ತದೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಹಿಂದೆ ನಿಂತು ನೋಡುತ್ತಿದ್ದರು. ‘ಆ ಹುಡುಗನಿಗೆ ಯಾರೂ ಸ್ಕ್ಯಾನ್ ಮಾಡಿಸಲಿಲ್ವಾ?’ ಅಂದರು. ಅಷ್ಟು ಡಾಕ್ಟರ್‌ಗಳಿಗೆ ಹೊಳೆಯದ್ದು. ಇಲ್ಲಿ ಬೈಕಿನಿಂದ ಬಿದ್ದು, ಎದ್ದು, ಚಹಾ ಕುಡಿದು, ಆಮೇಲೆ ಕುಸಿದವರ ಕಥೆ ಪ್ರತಿ ಊರಲ್ಲೂ ಇದೆ. ಮೆದುಳಿನ ಆಪರೇಷನ್ ಅಂದರೆ ನಮ್ಮ ಕಡೆಯವರು ಮೈಸೂರಿಗೆ ಓಡುವುದು, ಸುಮಾರು 90 ಕಿಲೋಮೀಟರ್. ರಾತ್ರಿ ತಿತಿಮತಿ ಕಾಡಿನಲ್ಲಿ ಆನೆ ದಾಟುತ್ತಿದ್ದರೆ ಆಂಬುಲೆನ್ಸ್ ಕೂಡ ನಿಲ್ಲಬೇಕು. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಎದ್ದ ಕೂಗು ಸುಮ್ನೆ ಅಲ್ಲ. ಡೆಲ್‌ನ ಸುತ್ತ ಅಷ್ಟು ಜನ, ಅಷ್ಟು ಯಂತ್ರ ಇತ್ತು ಅನ್ನುವುದೇ ಆ ಸಂಚಿಕೆಯಲ್ಲಿ ನನ್ನನ್ನು ಚುಚ್ಚಿದ್ದು.

ನೋಡುವ ಕ್ರಮ ಹೇಳಿಬಿಡುತ್ತೇನೆ. ಗ್ರೇಸ್‌ನ ಮೂರನೇ ಸೀಸನ್‌ನಲ್ಲಿ, 2007ರ ಮೇ 3ರಂದು ಬಂದ ಎರಡು ಗಂಟೆಯ ಸಂಚಿಕೆಯನ್ನು ಇನ್ನೊಮ್ಮೆ ನೋಡಿ, ಬೀಜ ಅಲ್ಲಿದೆ. ಅದರಲ್ಲಿ ನೇಯೋಮಿ ಬೇರೆ ನಟಿ, ಮೆರಿನ್ ಡಂಗಿ. ಗಲಿಬಿಲಿ ಆಗಬೇಡಿ. ಮೊದಲ ಸೀಸನ್ ಓಡಿಸಿಕೊಂಡು ನೋಡಿದರೂ ನಷ್ಟವಿಲ್ಲ. 2009ರ ಫೆಬ್ರವರಿಯ ಸಂಚಿಕೆಗಳು ಬಂದಾಗ ಎರಡೂ ಧಾರಾವಾಹಿ ಒಟ್ಟಿಗೆ ನೋಡಬೇಕು, ನಮ್ಮ ಚಾನೆಲ್‌ಗಳ ಮಹಾಸಂಗಮ ಇದ್ದಹಾಗೆ. ಅಡಿಸನ್ ಅಣ್ಣ ಆರ್ಚರ್‌ನ ಮೆದುಳಿನಲ್ಲಿ ಹುಳುವಿನ ಗಂಟುಗಳು, ಆಪರೇಷನ್ ಮಾಡಬೇಕಾದವನು ಅವಳ ಮಾಜಿ ಗಂಡ ಡೆರೆಕ್. ಪಂದಿಕರಿ ಪ್ರಿಯರು ಹೆದರಬೇಡಿ: ಲಾಡಿಹುಳುವಿನ ಗಂಟು ಮೆದುಳಿಗೆ ಹೋಗುವುದು ಹುಳುವಿನ ಮೊಟ್ಟೆ ಬಾಯಿಗೆ ಹೋದರೆ, ಅಂದರೆ ಕೊಳಕು ನೀರು, ತೊಳೆಯದ ಸೊಪ್ಪು, ತೊಳೆಯದ ಕೈಯಿಂದ. ಮಾಂಸವನ್ನೂ ಚೆನ್ನಾಗಿ ಬೇಯಿಸಿ, ಅದು ಬೇರೆ ಮಾತು.

ಆರನೇ ಸೀಸನ್ 13 ಸಂಚಿಕೆ ಮಾತ್ರ. ಪೀಟ್ ಪಾತ್ರದ ನಟ ಟಿಮ್ ಡೇಲಿ ಬಿಟ್ಟುಹೋದದ್ದರಿಂದ ಅವನನ್ನು ಆರಂಭದಲ್ಲೇ ಸಾಯಿಸುತ್ತಾರೆ. 2013ರ ಜನವರಿ 22ರಂದು, 111 ಸಂಚಿಕೆಗೆ ಕಥೆ ಮುಗಿಯುತ್ತದೆ. ಕೊನೆ ಸ್ವಲ್ಪ ಸಿಹಿ ಜಾಸ್ತಿ, ಆದರೂ ನೋಡಿ. ಗ್ರೇಸ್‌ನ 18ನೇ ಸೀಸನ್ ಶುರು ಮಾಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ. 2021ರಲ್ಲಿ ಬಂದ ಆ ಸೀಸನ್‌ನಲ್ಲಿ ಅಡಿಸನ್ ವಾಪಸ್ ಬರುತ್ತಾಳೆ. ಜೇಕ್ ಯಾರು, ಹೆನ್ರಿ ಯಾರು ಅಂತ ಗೊತ್ತಿದ್ದರೆ ಅವಳ ಒಂದೊಂದು ಮಾತೂ ಬೇರೆ ಥರ ಕೇಳಿಸುತ್ತದೆ.