ಹಳೆ ಕಾರಿನ ಪವರ್ ಸ್ಟೀರಿಂಗ್ ಆಯಿಲ್ ಪದೇ ಪದೇ ಕಡಿಮೆಯಾಗುತ್ತಿದೆ, ಹಾಕುತ್ತಾ ಹೋದರೆ ಸಾಕಾ?

ನಿಮ್ಮ ಕಾರಿಗೆ 16 ವರ್ಷ, ತಿಂಗಳಿಗೊಮ್ಮೆ ಪವರ್ ಸ್ಟೀರಿಂಗ್ ಆಯಿಲ್ ಸ್ವಲ್ಪ ಸ್ವಲ್ಪ ಹಾಕುತ್ತಾ ಬಂದಿದ್ದೀರಿ, ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿ ಸ್ಟೀರಿಂಗ್ ತಿರುಗಿಸಿದರೆ ‘ಗುಂಯ್’ ಅನ್ನುತ್ತದೆ, ಹೀಗೇ ಹಾಕುತ್ತಾ ಹೋದರೆ ಸಾಕಾ ಅಥವಾ ಪೂರ್ತಿ ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಆ ಆಯಿಲ್ ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕಿ.

ಎಂಜಿನ್ ಆಯಿಲ್ ಒಳಗೇ ಸ್ವಲ್ಪ ಸುಟ್ಟು ಹೋಗಬಹುದು. ಇದು ಹಾಗಲ್ಲ. ನೀವು ಆಯಿಲ್ ಹಾಕುವ ಡಬ್ಬಿಯಿಂದ ಪಂಪಿಗೆ, ಪಂಪಿನಿಂದ ಪ್ರೆಶರ್ ಪೈಪಿನಲ್ಲಿ ರ್ಯಾಕಿಗೆ (ಮುಂದಿನ ಚಕ್ರಗಳನ್ನು ತಿರುಗಿಸುವ ಅಡ್ಡ ಭಾಗ), ಅಲ್ಲಿಂದ ವಾಪಸ್ ಡಬ್ಬಿಗೆ. ಇಷ್ಟೇ ಅದರ ಓಡಾಟ. ಹೆಚ್ಚಿನ ಕಾರುಗಳಲ್ಲಿ ಒಟ್ಟು ಇರುವುದೇ ಸುಮಾರು 1 ಲೀಟರ್. ಅದು ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ.

ಇದನ್ನು ನಾನು ಒಂದು ಪಂಪ್ ಕಳೆದುಕೊಂಡ ಮೇಲೆ ಕಲಿತೆ. ನನ್ನ ಹಿಂದಿನ ಕಾರಿನಲ್ಲಿ ನೆಲದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ, ಹಾಗಾಗಿ ಲೀಕ್ ಇಲ್ಲ ಅಂತ ನಂಬಿದ್ದೆ. ಗ್ಯಾರೇಜಿನವರೂ ‘ಹಳೆ ಗಾಡಿ, ಸ್ವಲ್ಪ ಕುಡಿಯುತ್ತೆ’ ಅಂದರು. ಒಂದು ವರ್ಷ ಹಾಗೇ ನಡೆಯಿತು. ನಡುವೆ ಎರಡು ಮೂರು ಸಲ ನೋಡಲು ಮರೆತೆ, ಡಬ್ಬಿ ತಳ ಕಂಡಿತು, ಪಂಪ್ ಗಾಳಿ ಎಳೆದುಕೊಂಡು ಒಳಗೇ ಸವೆದುಹೋಯಿತು. ಹೊಸ ಪಂಪ್ ಹಾಕುವ ದಿನ ಬೇರೊಬ್ಬ ಮೆಕ್ಯಾನಿಕ್ ಮುಂದಿನ ಚಕ್ರದ ಹಿಂದೆ ಕೈ ಹಾಕಿ, ರ್ಯಾಕಿನ ತುದಿಯಲ್ಲಿ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಇರುತ್ತದಲ್ಲ ಆ ರಬ್ಬರ್ ಬೂಟನ್ನು ಹಿಂಡಿ ನೋಡಿದರು. ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿತ್ತು. ಕ್ಲಿಪ್ ಸಡಿಲ ಮಾಡಿದ ತಕ್ಷಣ ಅರ್ಧ ಲೋಟದಷ್ಟು ಕೆಂಪು ಆಯಿಲ್ ಸುರಿಯಿತು. ರ್ಯಾಕಿನ ಸೀಲ್ (ಆಯಿಲ್ ಹೊರಗೆ ಬರದಂತೆ ತಡೆಯುವ ರಬ್ಬರ್ ಬಳೆ) ಹೋಗಿ, ನಾನು ಹಾಕಿದ ಆಯಿಲೆಲ್ಲ ಆ ಬೂಟಿನೊಳಗೆ ಸೇರಿ, ಅಲ್ಲಿಂದ ಓಡಾಡುವಾಗ ಜಿನುಗಿ ಹೋಗುತ್ತಿತ್ತು. ಅದಕ್ಕೇ ನಿಲ್ಲಿಸಿದ ಜಾಗ ಒಣಗಿರುತ್ತಿತ್ತು.

ಹಾಗಾಗಿ ಎರಡೂ ಕಡೆಯ ಬೂಟನ್ನು ಮೊದಲು ಹಿಂಡಿ ನೋಡಿ. ಆಮೇಲೆ ಡಬ್ಬಿಗೆ ವಾಪಸ್ ಬರುವ ಪೈಪಿನ ಕ್ಲಿಪ್, ಪ್ರೆಶರ್ ಪೈಪಿನಲ್ಲಿ ರಬ್ಬರಿಗೆ ಲೋಹ ಒತ್ತಿ ಕೂರಿಸಿದ ಜಾಗ, ಪಂಪಿನ ಪುಲ್ಲಿಯ ಹಿಂಭಾಗ. ಎಂಜಿನ್ ಆರಿರುವಾಗ ಒಣ ಬಟ್ಟೆಯಿಂದ ಎಲ್ಲ ಒರೆಸಿ, ಒಂದು ದಿನ ಓಡಿಸಿ, ಮತ್ತೆ ನೋಡಿ. ಎಲ್ಲಿ ಮೊದಲು ಒದ್ದೆಯಾಗಿದೆಯೋ ಅಲ್ಲೇ ಲೀಕ್. ಬಿಸಿ ಎಕ್ಸಾಸ್ಟ್ ಮೇಲೆ ಹನಿ ಬೀಳುತ್ತಿದ್ದರೆ ಕಾಯಬೇಡಿ, ಬೆಂಕಿ ಹತ್ತಿಕೊಳ್ಳಬಹುದು.

ಸದ್ದಿನ ವಿಷಯ. ಸ್ಟೀರಿಂಗ್ ತಿರುಗಿಸಿದಾಗ ‘ಕೀಚ್’ ಅಂತ ಚೂಪಾಗಿ ಕಿರುಚಿದರೆ ಅದು ಹೆಚ್ಚಾಗಿ ಬೆಲ್ಟ್, ಸಡಿಲವಾಗಿರುತ್ತದೆ ಅಥವಾ ಸವೆದಿರುತ್ತದೆ. ನೀವು ಹೇಳುವ ‘ಗುಂಯ್’ ಎಂಜಿನ್ ಸ್ಪೀಡ್ ಏರಿದ ಹಾಗೆ ಏರುತ್ತಿದ್ದರೆ ಅದು ಪಂಪಿನದು, ಆಯಿಲ್ ಸಾಲುತ್ತಿಲ್ಲ ಅಥವಾ ಗಾಳಿ ಸೇರಿದೆ. ಮುಚ್ಚಳ ತೆಗೆದು ನೋಡಿ, ಆಯಿಲ್ ನೊರೆನೊರೆಯಾಗಿ ಮಸುಕಾಗಿದ್ದರೆ ಗಾಳಿ ಗ್ಯಾರಂಟಿ. ಲೆವೆಲ್ ಸರಿಯಿದ್ದೂ ನೊರೆ ಬರುತ್ತಿದೆ ಅಂದರೆ ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ಪೈಪನ್ನು ನೋಡಿ. ಅಲ್ಲಿ ಪಂಪ್ ಎಳೆಯುತ್ತಿರುತ್ತದೆ, ತಳ್ಳುತ್ತಿರುವುದಿಲ್ಲ. ಅದರಿಂದ ಕ್ಲಿಪ್ ಸಡಿಲವಾಗಿದ್ದರೂ ಆಯಿಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಜಾಸ್ತಿ. ಇದನ್ನು ನೋಡದೆ ಸುಮ್ನೆ ಪಂಪ್ ಬದಲಾಯಿಸಿದವರು ತುಂಬಾ ಜನ ಇದ್ದಾರೆ. ಕೆಲವು ಕಾರುಗಳಲ್ಲಿ ಡಬ್ಬಿಯ ತಳದಲ್ಲೇ ಸಣ್ಣ ಜಾಲರಿ ಇರುತ್ತದೆ, ಅದು ಕಟ್ಟಿಕೊಂಡರೂ ಇದೇ ಸದ್ದು.

ಯಾವ ಆಯಿಲ್ ಅನ್ನುವುದನ್ನು ಊಹೆ ಮಾಡಬೇಡಿ. ಮುಚ್ಚಳದ ಮೇಲೆ ಅಥವಾ ಕಾರಿನ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಬಹಳಷ್ಟು ಹಳೆ ಕಾರುಗಳಿಗೆ ಡೆಕ್ಸ್ರಾನ್ ಜಾತಿಯ ಕೆಂಪು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್. ಹೋಂಡಾ ತನ್ನದೇ ಆಯಿಲ್ ಕೇಳುತ್ತದೆ. ಕೆಲವು ಜರ್ಮನ್ ಕಾರುಗಳಿಗೆ ಹಸಿರು ಬಣ್ಣದ ಸಿಎಚ್‌ಎಫ್ 11ಎಸ್ ಅನ್ನುವ ಆಯಿಲ್. ಬಣ್ಣ ನೋಡಿ ಹಾಕಬೇಡಿ, ಹೆಸರು ನೋಡಿ ಹಾಕಿ. ಬ್ರೇಕ್ ಆಯಿಲ್ ಅಂತೂ ಒಂದು ಚಮಚವೂ ಬೇಡ, ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಲೀಕ್ ಸರಿ ಮಾಡಿದ ಮೇಲೆ ಬದಲಾಯಿಸಿ. 16 ವರ್ಷದ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಅದರಲ್ಲಿ ಸವೆದ ರಬ್ಬರ್, ಲೋಹದ ಪುಡಿ ಎಲ್ಲ ಇರುತ್ತದೆ. ಮನೆಯಲ್ಲೇ ಮಾಡಲು ಸುಲಭದ ದಾರಿ ಸಿರಿಂಜ್. ಡಬ್ಬಿಯ ಸುತ್ತ ಚೆನ್ನಾಗಿ ಒರೆಸಿ, ದೊಡ್ಡ ಸಿರಿಂಜಿನಿಂದ ಒಳಗಿನದನ್ನು ಎಳೆದು ತೆಗೆಯಿರಿ, ಹೊಸದು ತುಂಬಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಸ್ಟೀರಿಂಗನ್ನು ಆ ಕಡೆ ಈ ಕಡೆ ನಿಧಾನವಾಗಿ ಕೆಲವು ಸಲ ತಿರುಗಿಸಿ, ಆಫ್ ಮಾಡಿ, ಮತ್ತೆ ಎಳೆಯಿರಿ. ಒಂದೇ ಸಲಕ್ಕೆ ಎಲ್ಲ ಬರುವುದಿಲ್ಲ. 1 ಲೀಟರಿನಲ್ಲಿ ಪ್ರತಿ ಸಲ 300 ಎಂಎಲ್ ಬದಲಾದರೆ, 5 ಸಲ ಆದ ಮೇಲೂ ಹಳೆಯದು ಆರನೇ ಒಂದು ಭಾಗ ಉಳಿದಿರುತ್ತದೆ. ಪರವಾಗಿಲ್ಲ, ಅಷ್ಟು ಸಾಕು. ದಿನಕ್ಕೊಂದು ಸಲದಂತೆ ಮಾಡಿದರೂ ಆಗುತ್ತದೆ. ತೆಗೆದ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಒಂದು ಖಾಲಿ ಕ್ಯಾನಿನಲ್ಲಿ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

ಪೈಪ್ ಬಿಚ್ಚಿದ್ದರೆ ಗಾಳಿ ತೆಗೆಯಲೇಬೇಕು. ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬಬೇಡಿ), ಎಂಜಿನ್ ಸ್ಟಾರ್ಟ್ ಮಾಡದೆ ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ 15–20 ಸಲ ತಿರುಗಿಸಿ, ಯಾರಾದರೂ ಡಬ್ಬಿ ನೋಡುತ್ತಾ ಆಯಿಲ್ ಹಾಕುತ್ತಿರಲಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ. ಮೊದಲೇ ಸ್ಟಾರ್ಟ್ ಮಾಡಿದರೆ ಪಂಪ್ ಗಾಳಿಯನ್ನೆಲ್ಲ ಕಡೆದು ನೊರೆ ಮಾಡಿಬಿಡುತ್ತದೆ, ಆಮೇಲೆ ಅದು ಇಳಿಯಲು ಗಂಟೆಗಟ್ಟಲೆ ಕಾಯಬೇಕು.

ಇನ್ನೊಂದು ಅಭ್ಯಾಸ ಇವತ್ತೇ ಬಿಡಿ, ನಿಮಗಿದ್ದರೆ. ಪಾರ್ಕ್ ಮಾಡುವಾಗ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಾಗೇ ಒತ್ತಿ ಹಿಡಿಯುವುದು. ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ, ಸ್ಟೀರಿಂಗ್ ಕೊನೆ ಮುಟ್ಟಿದಾಗ ಈ ಪೈಪಿನಲ್ಲಿ ಹಲವು ಕಾರುಗಳಲ್ಲಿ 80 ಬಾರ್‌ಗೂ ಮೇಲೆ ಹೋಗುತ್ತದೆ. ಆಗ ಆಯಿಲ್ ಪಂಪಿನೊಳಗೇ ಸುತ್ತಿ ಸುತ್ತಿ ಬಿಸಿಯಾಗುತ್ತದೆ, ಹಳೆ ಸೀಲಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಕೊನೆ ಮುಟ್ಟಿದ ತಕ್ಷಣ ಒಂದು ಬೆರಳಿನಷ್ಟು ವಾಪಸ್ ಬಿಡಿ.

ಲೀಕ್ ನಿಲ್ಲಿಸುವ ಬಾಟಲಿ ಸಿಗುತ್ತದಲ್ಲ, ಅದರ ಬಗ್ಗೆಯೂ ಯಾರಾದರೂ ಹೇಳಬಹುದು. ಸೀಲನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುತ್ತದೆ ಅಷ್ಟೇ. ಸಣ್ಣ ಜಿನುಗಿಗೆ ಕೆಲವು ತಿಂಗಳು ತಡೆಯಬಹುದು, ಹರಿದ ಸೀಲಿಗೆ, ಒಡೆದ ಪೈಪಿಗೆ ಏನೂ ಆಗುವುದಿಲ್ಲ. ನಾನಾದರೆ ಹಾಕುವುದಿಲ್ಲ. ಸಡಿಲ ಕ್ಲಿಪ್ ಆಗಿದ್ದರೆ ಸ್ಕ್ರೂಡ್ರೈವರ್ ಕೆಲಸ, 5 ನಿಮಿಷ. ಬೂಟಿನಲ್ಲಿ ಆಯಿಲ್ ಇದ್ದರೆ ಮಾತ್ರ ರ್ಯಾಕ್ ಬಿಚ್ಚಿಸಲೇಬೇಕು, ಅದು ಗ್ಯಾರೇಜಿನ ಕೆಲಸ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡಿ, ಎಂಜಿನ್ ತಣ್ಣಗಿದ್ದಾಗ ಕೈ ಹಾಕಲೂ ಸುಲಭ.