ಎದುರಾಳಿಯ ಫೋರ್‌ಹ್ಯಾಂಡ್ ದಾಳಿಗೆ ಉತ್ತರ ಕೊಡುವುದು ಹೇಗೆ?

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಪದವಿ ಓದುತ್ತಿದ್ದೇನೆ. ಶಾಲೆಯಲ್ಲಿದ್ದಾಗ ಹಾಕಿ ಆಡುತ್ತಿದ್ದೆ, ಈಗ ಟೇಬಲ್ ಟೆನಿಸ್ ಹಿಡಿದಿದ್ದೇನೆ. ನನ್ನಂತೆಯೇ ಬಲಗೈಯಲ್ಲಿ ಆಡುವ ಹಿರಿಯರೊಬ್ಬರು ನನಗೆ ದೊಡ್ಡ ಸವಾಲಾಗಿದ್ದಾರೆ. ನನ್ನ ಪುಶ್ (ಚೆಂಡನ್ನು ಕೆಳಗಿನಿಂದ ಮೆಲ್ಲಗೆ ತಳ್ಳುವ ಹೊಡೆತ) ಸ್ವಲ್ಪ ಉದ್ದವಾದರೆ ಸಾಕು, ಅವರು ತಮ್ಮ ಎಡಬದಿಯ ಬ್ಯಾಕ್‌ಹ್ಯಾಂಡ್ ಮೂಲೆಗೆ ಸರಿದು, ಬಲಬದಿಯಿಂದ ಆಡುವ ಫೋರ್‌ಹ್ಯಾಂಡ್‌ನಲ್ಲಿ ಟಾಪ್‌ಸ್ಪಿನ್ (ಚೆಂಡು ಮುಮ್ಮುಖವಾಗಿ ತಿರುಗುವ ಹೊಡೆತ) ಹೊಡೆಯುತ್ತಾರೆ. ಚೆಂಡು ನನ್ನ ಬ್ಯಾಕ್‌ಹ್ಯಾಂಡ್ ಕಡೆಗೆ ನುಗ್ಗುತ್ತದೆ. ಬ್ಯಾಟನ್ನು ಅಡ್ಡ ಹಿಡಿದು ಬ್ಲಾಕ್ ಮಾಡಿದರೆ ಮೇಜು ದಾಟಿ ಹೋಗುತ್ತದೆ, ಬ್ಯಾಟನ್ನು ಬಾಗಿಸಿದರೆ ನೆಟ್‌ಗೆ ಬೀಳುತ್ತದೆ. ಹಿಂದೆ ಸರಿದು ಆಡಿದರೂ ಪ್ರಯೋಜನವಾಗಿಲ್ಲ. ನಾನೂ ಅಷ್ಟೇ ಜೋರಾಗಿ ತಿರುಗಿಸಿ ಹೊಡೆಯುವುದನ್ನು ಕಲಿಯಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಜೋರಾದ ಟಾಪ್‌ಸ್ಪಿನ್‌ಗೆ ಜೋರಾದ ಹೊಡೆತವೇ ಉತ್ತರವೆಂದು ಹೊಸ ಆಟಗಾರರು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ವೇಗವನ್ನೂ ತಿರುಗುವಿಕೆಯನ್ನೂ ಎದುರಾಳಿಯೇ ಚೆಂಡಿಗೆ ತುಂಬಿ ಕಳುಹಿಸಿರುವಾಗ ನೀವು ಮತ್ತಷ್ಟು ಸೇರಿಸಬೇಕಾದ ಅಗತ್ಯವಿಲ್ಲ. ಬಂದಿರುವುದನ್ನು ಎಲ್ಲಿಗೆ ತಿರುಗಿಸಬೇಕೆಂಬ ನಿರ್ಧಾರ ಮಾತ್ರ ನಿಮ್ಮದಾಗಿರಬೇಕು. ಸ್ವೀಡನ್ನಿನ ಯಾನ್ ಓವೆ ವಾಲ್ಡ್ನರ್ 1989 ಮತ್ತು 1997ರಲ್ಲಿ ವಿಶ್ವ ಚಾಂಪಿಯನ್ ಆದವರು, 1992ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಅಂಥವರ ಆಟದಲ್ಲಿಯೂ ಬ್ಲಾಕ್ ಒಂದು ಮುಖ್ಯ ಅಸ್ತ್ರವಾಗಿತ್ತು. ಆದ್ದರಿಂದ ಬ್ಲಾಕ್ ಎಂದರೆ ಜೀವ ಉಳಿಸಿಕೊಳ್ಳುವ ಹೊಡೆತವೆಂಬ ಭಾವನೆಯನ್ನು ಮೊದಲು ಬಿಡಿ.

ನಿಮ್ಮ ಚೆಂಡು ಒಮ್ಮೆ ಹೊರಗೆ, ಒಮ್ಮೆ ನೆಟ್‌ಗೆ ಹೋಗಲು ಕಾರಣ ಬಹುಮಟ್ಟಿಗೆ ಒಂದೇ. ಆ ಹಿರಿಯರು ಒಂದೇ ಬಗೆಯ ಟಾಪ್‌ಸ್ಪಿನ್ ಹೊಡೆಯುತ್ತಿಲ್ಲ, ನೀವು ಎರಡನ್ನೂ ಒಂದೇ ಎಂದು ತಿಳಿದು ತಡೆಯುತ್ತಿದ್ದೀರಿ. ಅವರ ಬಲ ಭುಜವನ್ನೂ ಬ್ಯಾಟನ್ನೂ ಗಮನಿಸಿ. ಭುಜ ಕೆಳಗಿಳಿದು ಬ್ಯಾಟ್ ಮೊಣಕಾಲಿನ ಮಟ್ಟಕ್ಕೆ ಹೋಗಿ ಅಲ್ಲಿಂದ ಮೇಲ್ಮುಖವಾಗಿ ಎದ್ದು ಬಂದರೆ ಅದು ನಿಧಾನವಾದ, ಆದರೆ ತಿರುಗುವಿಕೆ ತುಂಬಿದ ಲೂಪ್. ಬ್ಯಾಟ್ ಸೊಂಟದ ಎತ್ತರದಲ್ಲಿಯೇ ಹಿಂದಕ್ಕೆ ಹೋಗಿ ನೇರವಾಗಿ ಮುಂದಕ್ಕೆ ಬಂದರೆ ಅದು ವೇಗದ ಡ್ರೈವ್. ಸದ್ದಿನಲ್ಲಿಯೂ ವ್ಯತ್ಯಾಸ ತಿಳಿಯುತ್ತದೆ: ಲೂಪ್‌ನಲ್ಲಿ ರಬ್ಬರು ಚೆಂಡನ್ನು ಸವರಿದ ಮೆಲುವಾದ ಸದ್ದು, ಡ್ರೈವ್‌ನಲ್ಲಿ ಚೆಂಡು ಮರಕ್ಕೇ ತಾಗಿದಂತೆ ‘ಟಕ್’ ಎಂಬ ಗಟ್ಟಿ ಸದ್ದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು 3 ಮೀಟರ್ ದೂರವನ್ನು ಸುಮಾರು 0.2 ಸೆಕೆಂಡಿನಲ್ಲಿ ದಾಟುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಆದ್ದರಿಂದ ಚೆಂಡು ನೆಟ್ ದಾಟಿದ ಮೇಲೆ ಯೋಚಿಸಲು ಹೊರಟರೆ ತಡವಾಗುತ್ತದೆ. ಅವರು ಬ್ಯಾಟನ್ನು ಹಿಂದಕ್ಕೆ ಎಳೆಯುವಾಗಲೇ ನಿಮ್ಮ ಬ್ಯಾಟಿನ ಕೋನ ನಿಶ್ಚಯವಾಗಿರಬೇಕು.

ಟಾಪ್‌ಸ್ಪಿನ್ ಚೆಂಡು ನಿಮ್ಮ ರಬ್ಬರಿಗೆ ತಾಗಿದ ಕೂಡಲೇ ತನ್ನ ತಿರುಗುವಿಕೆಯಿಂದ ಮೇಲಕ್ಕೆ ಹತ್ತಲು ನೋಡುತ್ತದೆ. ತಿರುಗುವಿಕೆ ಹೆಚ್ಚಾದಷ್ಟೂ ಈ ಏರಿಕೆ ಹೆಚ್ಚು. ಹೀಗಾಗಿ ನಿಧಾನದ ಲೂಪ್‌ಗೆ ಬ್ಯಾಟಿನ ಮುಖವನ್ನು ಮೇಜಿನ ಕಡೆಗೆ ಚೆನ್ನಾಗಿ ಬಾಗಿಸಿ ಚೆಂಡಿನ ಮೇಲ್ಭಾಗವನ್ನು ಮುಟ್ಟಬೇಕು. ವೇಗದ ಡ್ರೈವ್‌ಗೆ ಅಷ್ಟು ಬಾಗಿಸುವ ಅಗತ್ಯವಿಲ್ಲ. ನೋಡಲು ಭಯಂಕರವಾದ ಡ್ರೈವ್‌ಗೆ ಗಾಬರಿಯಿಂದ ಬ್ಯಾಟನ್ನು ಪೂರ್ತಿ ಮುಚ್ಚಿ, ಅಂದರೆ ಬಾಗಿಸಿ, ನೆಟ್‌ಗೆ ಹಾಕುವುದು, ನಿಧಾನವಾಗಿ ಬಂದ ಲೂಪ್ ಸುಲಭವೆಂದು ಬ್ಯಾಟನ್ನು ತೆರೆದಿಟ್ಟು ಹೊರಗೆ ಕಳುಹಿಸುವುದು, ಈ ಹಂತದ ಆಟಗಾರರಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು. ನಿಮ್ಮ ವಿವರಣೆಯೂ ಅದನ್ನೇ ಸೂಚಿಸುತ್ತದೆ.

ಕೋನ ಸರಿಯಿದ್ದೂ ಚೆಂಡು ಹೊರಗೆ ಹೋಗುತ್ತಿದ್ದರೆ ಹಿಡಿತವನ್ನು ಪರೀಕ್ಷಿಸಿ. ನೀವು ಹಾಕಿ ಆಡಿದವರಾದ್ದರಿಂದ ಇದು ಬೇಗ ಅರ್ಥವಾಗುತ್ತದೆ. ರಭಸದಿಂದ ಬಂದ ಪಾಸನ್ನು ನಿಲ್ಲಿಸುವಾಗ ಸ್ಟಿಕ್ಕನ್ನು ಬಿಗಿಯಾಗಿ ಹಿಡಿದರೆ ಚೆಂಡು ಪುಟಿದು ಹೋಗುತ್ತದೆ, ಕೈಯನ್ನು ಸಡಿಲಿಸಿ ಸ್ಟಿಕ್ಕನ್ನು ತುಸು ಹಿಂದಕ್ಕೆ ಬಿಟ್ಟುಕೊಟ್ಟರೆ ಅಲ್ಲೇ ನಿಲ್ಲುತ್ತದೆ. ಬ್ಲಾಕ್‌ನಲ್ಲಿಯೂ ಬೆರಳುಗಳು ಹಾಗೆಯೇ ಸಡಿಲವಾಗಿರಬೇಕು. ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡಿರದೆ ಅಂಗೈಯಷ್ಟು ಮುಂದಿರಲಿ, ಬ್ಯಾಟ್ ಮೇಜಿನ ಮಟ್ಟಕ್ಕಿಂತ ಮೇಲಿರಲಿ. ಚೆಂಡು ಪುಟಿದು ಇನ್ನೂ ಏರುತ್ತಿರುವಾಗಲೇ ಮುಟ್ಟಿ. ನೀವು ಹಿಂದೆ ಸರಿದಾಗ ಆಗುತ್ತಿರುವ ನಷ್ಟ ಇದೇ: ಮೇಜಿನಿಂದ ದೂರ ಹೋದಷ್ಟೂ ಚೆಂಡು ಅಕ್ಕಪಕ್ಕಕ್ಕೆ ಹೆಚ್ಚು ಹರಡುತ್ತದೆ, ನೀವು ಓಡಬೇಕಾದ ಅಗಲ ಹೆಚ್ಚುತ್ತದೆ, ಎದುರಾಳಿಗೆ ಮುಂದಿನ ಹೊಡೆತಕ್ಕೆ ಅಣಿಯಾಗಲು ಬಿಡುವು ಸಿಗುತ್ತದೆ. ದೂರದಿಂದ ಆಡುವುದು ಬೇರೆಯೇ ಒಂದು ಕಲೆ, ಅದಕ್ಕೆ ಬೇರೆಯೇ ಕಾಲುಗಳ ತಯಾರಿ ಬೇಕು. ನೀವು ಮೇಜಿನಿಂದ ಒಂದು ತೋಳಿನಷ್ಟು ದೂರದಲ್ಲಿಯೇ ನಿಲ್ಲಿ.

ಇನ್ನು ಚೆಂಡನ್ನು ಎಲ್ಲಿಗೆ ಕಳುಹಿಸಬೇಕೆಂಬ ವಿಚಾರ. ನನ್ನ ದೃಷ್ಟಿಯಲ್ಲಿ ಪಂದ್ಯದ ಗತಿಯನ್ನು ಬದಲಿಸುವುದು ಇದೇ. ಮೇಜಿನ ಉದ್ದ 2.74 ಮೀಟರ್, ಅಗಲ 1.525 ಮೀಟರ್, ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 3.14 ಮೀಟರ್ ಆಗುತ್ತದೆ. ಅಂದರೆ ಓರೆಯಾಗಿ ಬಂದ ಚೆಂಡನ್ನು ಓರೆಯಾಗಿಯೇ ಹಿಂದಿರುಗಿಸಿದರೆ ಸುಮಾರು 40 ಸೆಂಟಿಮೀಟರ್ ಹೆಚ್ಚು ಜಾಗ ದೊರೆಯುತ್ತದೆ, ಆದ್ದರಿಂದ ಅದು ಸುರಕ್ಷಿತ. ಆದರೆ ನಿಮ್ಮ ಎದುರಾಳಿ ತಮ್ಮ ಬ್ಯಾಕ್‌ಹ್ಯಾಂಡ್ ಮೂಲೆಗೆ ಸರಿದು ನಿಂತಿದ್ದಾರೆ. ಅಲ್ಲಿಗೇ ಮತ್ತೆ ಕಳುಹಿಸಿದರೆ ಅವರು ಕಾಯುತ್ತಿರುವ ಚೆಂಡನ್ನೇ ಕೊಟ್ಟಂತಾಗುತ್ತದೆ. ನಿಮ್ಮ ಬ್ಯಾಕ್‌ಹ್ಯಾಂಡ್ ಮೂಲೆಯಿಂದ ನೇರ ಗೆರೆಯಲ್ಲಿ ಆಡಿದ ಬ್ಲಾಕ್ ಅವರ ಖಾಲಿಯಾದ ಫೋರ್‌ಹ್ಯಾಂಡ್ ಬದಿಗೆ ಬೀಳುತ್ತದೆ. ಜಾಗ ಕಡಿಮೆಯಿರುವುದರಿಂದ ಇಲ್ಲಿ ಜೋರು ಬೇಡ, ಬ್ಯಾಟಿನ ಮುಖವನ್ನು ಆ ದಿಕ್ಕಿಗೆ ತೋರಿಸಿದರೆ ಸಾಕು.

ಇದರ ಮುಂದಿನ ಹೆಜ್ಜೆಯನ್ನು ಬಹಳ ಮಂದಿ ಮರೆಯುತ್ತಾರೆ. ಅನುಭವಿಗಳು ಆ ಚೆಂಡನ್ನು ಓಡಿ ಹಿಡಿದರೆ, ಅಲ್ಲಿಂದ ಅವರ ಸಹಜವಾದ ಹೊಡೆತ ಓರೆಯಾಗಿ ನಿಮ್ಮ ಫೋರ್‌ಹ್ಯಾಂಡ್ ಅಂಚಿಗೇ ಬರುತ್ತದೆ. ನೀವು ಬ್ಲಾಕ್ ಮಾಡಿದ ಜಾಗದಲ್ಲಿಯೇ ನಿಂತು ನಿಮ್ಮ ಹೊಡೆತದ ಅಂದ ನೋಡುತ್ತಿದ್ದರೆ ಪಾಯಿಂಟ್ ಕೈತಪ್ಪುತ್ತದೆ. ನೇರ ಬ್ಲಾಕ್ ಆಡಿದ ಕೂಡಲೇ ಬಲಕ್ಕೆ ಒಂದು ಚಿಕ್ಕ ಹೆಜ್ಜೆ ಇಡಿ. ಅವರು ಅಲ್ಲಿಂದ ಹೊಡೆದರೆ ಈ ಸಲ ಅವರ ಬ್ಯಾಕ್‌ಹ್ಯಾಂಡ್ ಬದಿ ಖಾಲಿಯಿರುತ್ತದೆ. ನೇರ ಗೆರೆಯನ್ನು ಅವರು ಊಹಿಸತೊಡಗಿದಾಗ ಚೆಂಡನ್ನು ಅವರ ಬಲ ಮೊಣಕೈಗೆ ಗುರಿಯಿಡಿ. ಫೋರ್‌ಹ್ಯಾಂಡೋ ಬ್ಯಾಕ್‌ಹ್ಯಾಂಡೋ ಎಂದು ತೀರ್ಮಾನಿಸಲಾಗದೆ ದೊಡ್ಡ ಆಟಗಾರರೂ ತಡವರಿಸುವ ಜಾಗ ಅದು.

ಅಭ್ಯಾಸಕ್ಕೆ ಯಂತ್ರ ಬೇಕಿಲ್ಲ. ಜೊತೆಗಾರರೊಬ್ಬರು ಒಂದೇ ಜಾಗದಿಂದ ಒಂದು ಲೂಪ್, ಒಂದು ಡ್ರೈವ್ ಎಂದು ಸರತಿಯಲ್ಲಿ ಆಡಲಿ, ನೀವು ಕೋನ ಬದಲಿಸುತ್ತಾ ಬ್ಲಾಕ್ ಮಾಡಿ. ಕೈಗೆ ಒಗ್ಗಿದ ಮೇಲೆ ಸರತಿಯನ್ನು ಕೈಬಿಟ್ಟು ಅವರ ಇಷ್ಟಕ್ಕೆ ಬಿಡಿ. ನಿಧಾನದ ಲೂಪ್‌ಗೆ ನಿಮ್ಮ ಬ್ಲಾಕ್ ತಪ್ಪದಂತಾದಾಗ, ಅದೇ ಮುಚ್ಚಿದ ಬ್ಯಾಟಿನಿಂದ ಕೈಯನ್ನು ಹೆಚ್ಚು ಹಿಂದಕ್ಕೆ ಎಳೆಯದೆ ಚೆಂಡಿನ ಮೇಲೆ ಮುಂದಕ್ಕೆ ಸವರುವುದನ್ನು ಕಲಿಯಿರಿ. ನೀವು ಕೇಳಿದ ತಿರುಗೇಟು ಆಗ ತಾನಾಗಿಯೇ ಬರುತ್ತದೆ.

ಮತ್ತೊಂದು ಮಾತನ್ನು ಒತ್ತಿ ಹೇಳಬೇಕು. ‘ನನ್ನ ಪುಶ್ ಸ್ವಲ್ಪ ಉದ್ದವಾದರೆ ಸಾಕು’ ಎಂದು ನೀವೇ ಬರೆದಿದ್ದೀರಿ. ಆ ದಾಳಿಯ ಅರ್ಧದಷ್ಟು ಬಲ ನಿಮ್ಮ ಪುಶ್‌ನಿಂದಲೇ ಹುಟ್ಟುತ್ತಿದೆ. ಚೆಂಡು ಅವರ ಬದಿಯಲ್ಲಿ ಎರಡು ಸಲ ಪುಟಿಯುವಷ್ಟು ಗಿಡ್ಡವಾಗಿರಬೇಕು, ಇಲ್ಲವೇ ಮೇಜಿನ ಕೊನೆಯ ಗೆರೆಯ ಹತ್ತಿರ ವೇಗವಾಗಿ ಬೀಳಬೇಕು. ಇವೆರಡರ ನಡುವೆ, ಎತ್ತರವಾಗಿ, ನಿಧಾನವಾಗಿ ಹೋಗುವ ಪುಶ್ ಯಾವ ಫೋರ್‌ಹ್ಯಾಂಡ್ ಆಟಗಾರನಿಗೂ ಆಹ್ವಾನವೇ. ಅವರು ಎಡಕ್ಕೆ ಸರಿಯಲು ಹೊರಟದ್ದು ಕಂಡರೆ ಉದ್ದದ ಪುಶ್ಶನ್ನು ಅವರ ಫೋರ್‌ಹ್ಯಾಂಡ್ ಅಂಚಿಗೆ ಆಡಿ ನೋಡಿ. ಮುಂದಿನ ಸಲ ಸರಿಯುವ ಮೊದಲು ಅವರು ಒಂದು ಕ್ಷಣ ಕಾಯುತ್ತಾರೆ, ನಿಮಗೆ ಆ ಕ್ಷಣವೇ ಬೇಕಾಗಿರುವುದು.

ಪ್ರಶ್ನೆ: ಗೋಣಿಕೊಪ್ಪಲಿನಲ್ಲಿ ಮಳೆಗಾಲವಿಡೀ ಒಳಾಂಗಣದಲ್ಲಿಯೇ ಆಡುತ್ತೇವೆ. ಬೇಸಿಗೆಯಲ್ಲಿ ಚೆನ್ನಾಗಿ ಬರುವ ಬ್ಲಾಕ್ ಜೂನ್ ಕಳೆದರೆ ನೆಟ್‌ಗೆ ಬೀಳತೊಡಗುತ್ತದೆ. ಇದು ನನ್ನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಕೊಡಗಿನ ಮಳೆಗಾಲದ ತೇವ ರಬ್ಬರಿನ ಮೇಲೂ ಚೆಂಡಿನ ಮೇಲೂ ಕಣ್ಣಿಗೆ ಕಾಣದಂತೆ ಕೂರುತ್ತದೆ. ಆಗ ರಬ್ಬರು ಚೆಂಡನ್ನು ಹಿಡಿಯದೆ ಜಾರಿಸುತ್ತದೆ. ಟಾಪ್‌ಸ್ಪಿನ್ ಚೆಂಡು ಎಂದಿನಂತೆ ಮೇಲಕ್ಕೆ ಹತ್ತುವುದಿಲ್ಲ, ಬಾಗಿಸಿದ ಬ್ಯಾಟಿನಿಂದ ನೇರವಾಗಿ ಕೆಳಕ್ಕೆ ಹೋಗುತ್ತದೆ. ಒಣ ಹತ್ತಿ ಬಟ್ಟೆಯಿಂದ ರಬ್ಬರನ್ನೂ ಚೆಂಡನ್ನೂ ಆಗಾಗ ಒರೆಸಿಕೊಳ್ಳಿ. ಪಂದ್ಯದಲ್ಲಿ ಪ್ರತಿ 6 ಪಾಯಿಂಟ್‌ಗಳಿಗೊಮ್ಮೆ ಟವೆಲ್ ಬಳಸಲು ನಿಯಮದಲ್ಲಿಯೇ ಅವಕಾಶವಿದೆ. ಅಂಥ ದಿನಗಳಲ್ಲಿ ಬ್ಯಾಟಿನ ಮುಖವನ್ನು ಕೂದಲೆಳೆಯಷ್ಟು ತೆರೆದು, ಚೆಂಡನ್ನು ಸವರುವುದಕ್ಕಿಂತ ತುಸು ಗಟ್ಟಿಯಾಗಿ ತಳ್ಳಿ. ಆಟ ಮುಗಿದ ಮೇಲೆ ರಬ್ಬರು ಆರಿದ ನಂತರವೇ ಬ್ಯಾಟನ್ನು ಕವರಿಗೆ ಹಾಕಿ.

ಪ್ರಶ್ನೆ: ಕುಶಾಲನಗರದಲ್ಲಿ ಹನ್ನೊಂದು ವರ್ಷದ ಮಗಳಿಗೆ ಟೇಬಲ್ ಟೆನಿಸ್ ಕಲಿಸುತ್ತಿದ್ದೇವೆ. ಬ್ಯಾಕ್‌ಹ್ಯಾಂಡ್‌ಗೆ ಉದ್ದ ಪಿಂಪಲ್ ರಬ್ಬರ್ (ಮೇಲ್ಮೈಯಲ್ಲಿ ಉದ್ದನೆಯ ಮೊಳೆಯಂಥ ಉಬ್ಬುಗಳಿರುವ ರಬ್ಬರ್) ಹಾಕಿಸಿದರೆ ಜೋರಾದ ಟಾಪ್‌ಸ್ಪಿನ್ ತಡೆಯುವುದು ಸುಲಭವೆಂದು ಕೆಲವರು ಹೇಳುತ್ತಾರೆ. ಹಾಕಿಸಬಹುದೇ?

ಉತ್ತರ: ತಡೆಯುವುದು ಸುಲಭವಾಗುತ್ತದೆ ಎಂಬುದು ನಿಜ. ಉದ್ದ ಪಿಂಪಲ್‌ಗಳು ಬಂದ ತಿರುಗುವಿಕೆಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಎದುರಾಳಿಯ ಟಾಪ್‌ಸ್ಪಿನ್ ಅವರಿಗೇ ಬ್ಯಾಕ್‌ಸ್ಪಿನ್ (ಹಿಮ್ಮುಖ ತಿರುಗುವಿಕೆ) ಆಗಿ ಮರಳುತ್ತದೆ. ಭಾರತದ ಆಟಗಾರ್ತಿ ಮನಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್‌ನಲ್ಲಿ ಇಂಥ ರಬ್ಬರನ್ನೇ ಬಳಸಿ ಜಗತ್ತಿನ ಬಲಿಷ್ಠರನ್ನು ಸೋಲಿಸಿದ್ದಾರೆ. ಆದರೂ ಈ ವಯಸ್ಸಿಗೆ ನಾನು ಬೇಡವೆನ್ನುತ್ತೇನೆ. ಬ್ಯಾಟಿನ ಕೋನದಿಂದ ತಿರುಗುವಿಕೆಯನ್ನು ಓದುವುದು ಕಲಿಯಬೇಕಾದ ವರ್ಷಗಳಿವು, ಉದ್ದ ಪಿಂಪಲ್ ಆ ಪಾಠವನ್ನೇ ತಪ್ಪಿಸುತ್ತದೆ. ಇನ್ನು ಕೆಲವು ಕಾಲ ಎರಡೂ ಬದಿಗೆ ಸಾಮಾನ್ಯ ರಬ್ಬರಿನಲ್ಲಿಯೇ ಆಡಲಿ. ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್ ಮತ್ತು ಬ್ಲಾಕ್ ಎರಡೂ ಕೈಗೆ ಬಂದ ಮೇಲೆ, ಅವಳ ಆಟವನ್ನು ದಿನವೂ ನೋಡುವ ಕೋಚ್ ಜೊತೆ ಕುಳಿತು ತೀರ್ಮಾನಿಸಿ.