ಅಪ್ಪಣೆ ಕೊಡುವ ಅಧಿಕಾರವಿಲ್ಲದ ನಾಯಕತ್ವ

ಪ್ರಿಯ ಓದುಗರೇ,

ಬ್ರಿಟನ್ನಿನ ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಸಭೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಎರಡು ಪ್ರಶ್ನೆ ಎತ್ತಿದ್ದೀರಿ. ಬಿಷಪ್ಪರೇ ಇಲ್ಲದ, ಒಂದೊಂದು ಸಭೆಯೂ ತನ್ನ ತೀರ್ಮಾನ ತಾನೇ ಮಾಡುವ ಪಂಗಡಕ್ಕೆ ಇಡೀ ದೇಶಕ್ಕೆ ಅಂತ ಒಬ್ಬ ನಾಯಕ ಯಾಕೆ ಬೇಕು? ಎಲ್ಲೆಲ್ಲಿಂದಲೋ ಜನ ಬಂದು ಸೇರಿರುವಾಗ ಒಂದೇ ಭಾಷೆ, ಒಂದೇ ಬಗೆಯ ಆರಾಧನೆ ಇಟ್ಟರೆ ಒಗ್ಗಟ್ಟು ಉಳಿಯುವುದಿಲ್ಲವೇ? ಒಳ್ಳೆಯ ಪ್ರಶ್ನೆಗಳು. ಎರಡನೆಯದನ್ನು ನಾನು ಒಪ್ಪುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಈ ಸಭೆಗಳ ಒಕ್ಕೂಟ ಬ್ಯಾಪ್ಟಿಸ್ಟ್ ಯೂನಿಯನ್. ಅದರ ಪ್ರಧಾನ ಕಾರ್ಯದರ್ಶಿ ಯಾವ ಸಭೆಗೂ ಸಭಾಪಾಲಕರನ್ನು ಕಳಿಸಲಾರರು. ಆ ಕೆಲಸ ಸದಸ್ಯರ ಕೂಟದ್ದು. ಚರ್ಚೆ ಮಾಡಿ, ಪ್ರಾರ್ಥಿಸಿ, ಮತ ಹಾಕಿ ಅವರೇ ಕರೆಯುತ್ತಾರೆ. ಹಾಗಂತ ಯೂನಿಯನ್ ಬರೀ ಹೆಸರಿಗೆ ಇರುವುದಲ್ಲ. ಸಭಾಪಾಲಕರಿಗೆ ಮಾನ್ಯತೆ ಕೊಡುವುದು ಅದು. ಬಡ ಸಭೆಗಳಿಗೆ ಹೋಮ್ ಮಿಷನ್ ನಿಧಿಯಿಂದ ನೆರವು ಕೊಡುವುದೂ ಅದೇ. ಅದರ ಕೌನ್ಸಿಲ್‌ನಲ್ಲಿ ಯಾರ ಮಾತಿಗೆ ಜಾಗ ಸಿಗುತ್ತದೆ ಅನ್ನುವುದು ಬಹಳ ದೊಡ್ಡ ವಿಷಯ. ಅಪ್ಪಣೆ ಕೊಡಲಾಗದ ನಾಯಕರಿಗೆ ಕೇಳಿಸಿಕೊಳ್ಳುವುದು, ಒಪ್ಪಿಸುವುದು ಇವೆರಡೇ ದಾರಿ. ಇದು ನಿಧಾನದ ಕೆಲಸ, ಆದರೆ ಆಗುತ್ತದೆ.

ಆಗಿದ್ದಕ್ಕೆ ಒಂದು ಉದಾಹರಣೆ 2007ರದ್ದು. ಅದು ಅರ್ಥವಾಗಬೇಕಾದರೆ ಜಮೈಕಾದಿಂದ ಶುರು ಮಾಡಬೇಕು. ಸ್ಯಾಮ್ ಶಾರ್ಪ್ ಅಲ್ಲಿ ಗುಲಾಮರಾಗಿದ್ದವರು, ಬ್ಯಾಪ್ಟಿಸ್ಟ್ ಸಭೆಯ ಡೀಕನ್, ಅಂದರೆ ಸಭೆಯ ಕೆಲಸ ನೋಡಿಕೊಳ್ಳುವ ಹಿರಿಯ, ಕೂಡ. 1831ರ ಕ್ರಿಸ್ಮಸ್ ಕಳೆದ ಮೇಲೆ ಕೂಲಿ ಕೊಡದಿದ್ದರೆ ಕಬ್ಬಿನ ಗದ್ದೆಗೆ ಇಳಿಯುವುದಿಲ್ಲ ಅಂತ ಜನರನ್ನು ಒಗ್ಗೂಡಿಸಿದರು. ಅದು ದಂಗೆಯಾಯಿತು. ಸೈನ್ಯ ಅದನ್ನು ತುಳಿದು ಹಾಕಿತು. 1832ರ ಮೇನಲ್ಲಿ ಶಾರ್ಪ್ ಅವರನ್ನು ಮಾಂಟೆಗೊ ಬೇಯಲ್ಲಿ ಗಲ್ಲಿಗೇರಿಸಿದರು. ಮಾರನೇ ವರ್ಷವೇ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು.

1948ರಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತ ವಿಂಡ್‌ರಷ್ ಹಡಗು ಇಂಗ್ಲೆಂಡಿಗೆ ಬಂತು. ಅಲ್ಲಿಂದಾಚೆ ಜಮೈಕಾದಿಂದ ಇಂಗ್ಲೆಂಡಿಗೆ ಬಂದವರಲ್ಲಿ ಈ ಪರಂಪರೆಯ ಮಕ್ಕಳು ಮೊಮ್ಮಕ್ಕಳು ಇದ್ದರು. ದೀಕ್ಷಾಸ್ನಾನ ಆದವರು, ಸತ್ಯವೇದ ಬಾಯಿಪಾಠ ಬರುವವರು. ಅಂಥವರನ್ನೂ ಎಷ್ಟೋ ಸಭೆಗಳು ತಣ್ಣಗೆ ನೋಡಿದವು. ಆ ನೋವು ಒಳಗೇ ಉಳಿದುಬಿಟ್ಟಿತ್ತು. ಗುಲಾಮರ ವ್ಯಾಪಾರ ನಿಷೇಧವಾಗಿ 200 ವರ್ಷವಾದಾಗ, 2007ರ ನವೆಂಬರಿನಲ್ಲಿ, ಯೂನಿಯನ್ನಿನ ಕೌನ್ಸಿಲ್ ಕೂತು ಕಪ್ಪು ಸಹೋದರ ಸಹೋದರಿಯರ ಮಾತು ಕೇಳಿಸಿಕೊಂಡಿತು. ಆ ವ್ಯಾಪಾರದಲ್ಲಿ ದೇಶಕ್ಕಿದ್ದ ಪಾಲು, ಅದರಿಂದ ತಮಗಾದ ಲಾಭ ಎರಡನ್ನೂ ಒಪ್ಪಿಕೊಂಡು ಕ್ಷಮೆ ಕೇಳಿತು. "ನಾವು ಮಾಡದ ತಪ್ಪಿಗೆ ನಾವ್ಯಾಕೆ?" ಅನ್ನುವ ಮಾತು ಇಂಥ ಕಡೆ ಬಂದೇ ಬರುತ್ತದೆ, ಅಲ್ವಾ? ಮೇಲಿನಿಂದ ಒಂದು ಹೇಳಿಕೆ ಹೊರಡಿಸಿದ್ದರೆ ಆ ಮಾತು ಹಾಗೇ ಉಳಿಯುತ್ತಿತ್ತು. ಎದುರಿಗೆ ಕೂತವರ ಕಥೆ ಕೇಳಿದ ಮೇಲೆ ಹಾಗೆ ಹೇಳುವುದು ಕಷ್ಟ. ನಾಯಕತ್ವ ಅಂದರೆ ಹಾಗೆ ಎದುರುಬದುರು ಕೂರಿಸುವುದು ಅಂತ ನಾನು ನಂಬಿದ್ದೇನೆ.

ಈಗ ಒಂದೇ ಭಾಷೆ, ಒಂದೇ ಆರಾಧನೆಯ ಮಾತು. ಬ್ಯಾಪ್ಟಿಸ್ಟರು ಹುಟ್ಟಿದ್ದೇ ಅದನ್ನು ಒಪ್ಪದೆ. ಇಂಗ್ಲೆಂಡಿನ ನೆಲದಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದ ಥಾಮಸ್ ಹೆಲ್ವಿಸ್ 1612ರಲ್ಲೇ ಬರೆದರು: ಮನುಷ್ಯನಿಗೂ ದೇವರಿಗೂ ನಡುವಿನ ವಿಷಯದಲ್ಲಿ ರಾಜನಿಗೆ ಅಧಿಕಾರವಿಲ್ಲ, ಮುಸ್ಲಿಮರಾಗಲಿ ಯೆಹೂದ್ಯರಾಗಲಿ ಯಾರನ್ನೂ ಅದಕ್ಕಾಗಿ ಶಿಕ್ಷಿಸಬಾರದು. ಅವರು ನ್ಯೂಗೇಟ್ ಜೈಲಿನಲ್ಲೇ ತೀರಿಕೊಂಡರು. ಹಾಗಾಗಿ ಈ ಪಂಗಡದ ನಾಯಕರು ಪಕ್ಕದ ಬೀದಿಯ ಮಸೀದಿಯ ಹಕ್ಕಿಗೂ ದನಿ ಎತ್ತಬೇಕು. ಇದು ಅವರ ನಂಬಿಕೆಯ ಬುಡದಲ್ಲೇ ಇರುವ ಮಾತು.

ಆದರೂ ನಿಮ್ಮ ಆತಂಕದಲ್ಲಿ ಅರ್ಥವಿದೆ. ದೊಡ್ಡ ಊರುಗಳಲ್ಲಿ ಈ ಚಿತ್ರ ಸಾಮಾನ್ಯ. ಬೆಳಿಗ್ಗೆ ಇಂಗ್ಲಿಷ್ ಸಭೆ. ಮಧ್ಯಾಹ್ನ ಅದೇ ಕಟ್ಟಡದಲ್ಲಿ ಬ್ರೆಜಿಲ್‌ನವರದೋ ತಮಿಳರದೋ ಆರಾಧನೆ. ಮಧ್ಯಾಹ್ನದವರು ಬಾಡಿಗೆ ಕಟ್ಟುತ್ತಾರೆ, ಕುರ್ಚಿ ಜೋಡಿಸಿ ಹೋಗುತ್ತಾರೆ. ಅಡುಗೆಮನೆಯ ಬೀರುವಿಗೆ ಬೀಗ. ಸುಮ್ನೆ ಒಂದು ಭಾನುವಾರ ಎರಡು ಭಾಷೆಯಲ್ಲಿ ಹಾಡಿಸಿದರೆ ಇದು ಸರಿಹೋಗುವುದಿಲ್ಲ. ಛಾವಣಿ ರಿಪೇರಿಗೆ ದುಡ್ಡು ಹಾಕಬೇಕಾ, ಯಾರು ಡೀಕನ್ ಆಗಬೇಕು, ಯಾರನ್ನು ಸಭಾಪಾಲಕರಾಗಿ ಕರೆಯಬೇಕು ಅಂತ ಮಾತಾಡುವ ಕೂಟದಲ್ಲಿ ಅವರಿಗೂ ಮತ ಬೇಕು. ಆರಾಧನೆ ಬೇರೆ ಬೇರೆ ಭಾಷೆಯಲ್ಲೇ ಇರಲಿ, ಸದಸ್ಯರ ಕೂಟ ಒಂದೇ ಇರಲಿ. ಅನುವಾದ ಮಾಡುವವರು ಇರಬೇಕು. ರಾತ್ರಿ ಪಾಳಿಯ ನರ್ಸುಗಳು, ಬಸ್ ಓಡಿಸುವವರು ಬರಲಾಗುವ ಹೊತ್ತಿನಲ್ಲಿ ಅದನ್ನು ಇಡಬೇಕು. ಮಕ್ಕಳು ಹೇಗೂ ಇಂಗ್ಲಿಷಿಗೆ ಜಾಸ್ತಿ ವಾಲುತ್ತಾರೆ, ಅವರನ್ನು ತಡೆದು ಫಲವಿಲ್ಲ. ಪ್ರಧಾನ ಕಾರ್ಯದರ್ಶಿ ಇದನ್ನೆಲ್ಲ ಹೇರಲಾರರು. ಆದರೆ ಒಂದು ಸಭೆಗೆ ಹೋದಾಗ ಡೀಕನ್‌ಗಳ ಪಟ್ಟಿ ಕೇಳಬಹುದು. ಮಧ್ಯಾಹ್ನದವರ ಹೆಸರು ಅದರಲ್ಲಿ ಯಾಕಿಲ್ಲ ಅಂತಲೂ ಕೇಳಬಹುದು.

ಹೆಂಗಸರು ಯೂನಿಯನ್ನಿನ ನಾಯಕ ಸ್ಥಾನಗಳಿಗೆ ಬರಬಹುದೇ ಅಂತಲೂ ಪತ್ರದ ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ಬಂದಿದ್ದಾರೆ. 2006ರಲ್ಲಿ ಕೇಟ್ ಕೋಲ್ಮನ್ ಯೂನಿಯನ್ನಿನ ಅಧ್ಯಕ್ಷೆಯಾದರು, ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ಮಹಿಳೆ ಅವರು. 2013ರಲ್ಲಿ ಲಿನ್ ಗ್ರೀನ್ ಪ್ರಧಾನ ಕಾರ್ಯದರ್ಶಿಯಾದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ.

ಸಂಪಾದಕ